ಎಐ ಮಿಷನ್ನಿನಲ್ಲಿ ನಮ್ಮಂಥ ಟ್ರಸ್ಟ್‌ಗೆ ಜಾಗ ಇದೆಯೇ?

ಪ್ರಶ್ನೆ: ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಮ್ಮದೊಂದು ಟ್ರಸ್ಟ್ ಇದೆ. ಹದಿನಾಲ್ಕು ಜನ ಕೆಲಸ ಮಾಡುತ್ತೇವೆ. ಅಂಗವಿಕಲರ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ವಿಧವಾ ವೇತನ, ರೇಷನ್ ಕಾರ್ಡ್ ಇಂಥವು ಸಿಗದೆ ಅಲೆಯುವವರಿಗೆ ಅರ್ಜಿ ಬರೆದುಕೊಡುವುದು, ಅವರ ಜೊತೆ ಕಚೇರಿಗೆ ಹೋಗುವುದು ನಮ್ಮ ಕೆಲಸ. ನಮ್ಮ ಹುಡುಗರು ಈಗ ಪತ್ರ ಬರೆಯಲು ಚಾಟ್‌ಜಿಪಿಟಿ ಬಳಸುತ್ತಾರೆ. ಕೇಂದ್ರ ಸರ್ಕಾರ ಎಐಗೆ ಹತ್ತು ಸಾವಿರ ಕೋಟಿ ಇಟ್ಟಿದೆ, ಅಗ್ಗದ ದರದಲ್ಲಿ ಜಿಪಿಯು (ಎಐಗೆ ಬೇಕಾದ ಶಕ್ತಿಶಾಲಿ ಕಂಪ್ಯೂಟರ್ ಚಿಪ್) ಕೊಡುತ್ತಿದೆ ಎಂದು ಓದಿ ವಿಚಾರಿಸಿದೆವು. ‘ಒಂದು ಸ್ಟಾರ್ಟಪ್ ಮಾಡಿಕೊಂಡು ಬನ್ನಿ’ ಎಂದರು ಒಬ್ಬ ಸಲಹೆಗಾರರು. ಮಾಡಬೇಕೇ? ಇಂಥ ಯೋಜನೆಯಲ್ಲಿ ನಮ್ಮಂಥ ಸೇವಾ ಸಂಸ್ಥೆಗಳು ಪಾಲು ಕೇಳುವುದು ನ್ಯಾಯವೇ? ಬ್ರಿಟನ್ನಿನಲ್ಲಿ ಚಾರಿಟಿಗಳು ಕೇಳುತ್ತಿವೆಯಂತೆ. ನಾವು ಕೇಳುವುದಾದರೆ ಏನನ್ನು ಕೇಳಬೇಕು?

ಉತ್ತರ: ಸ್ಟಾರ್ಟಪ್ ಮಾಡಿಕೊಳ್ಳಬೇಡಿ. 12ಎಬಿ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ವಿನಾಯಿತಿ) ಎಂದು ನಾವೆಲ್ಲ ಇಷ್ಟು ವರ್ಷ ಕರೆಯುತ್ತ ಬಂದ ತೆರಿಗೆ ನೋಂದಣಿಗಳು ಇರುವುದು ನಿಮ್ಮ ಟ್ರಸ್ಟಿಗೆ. ಹೊಸ ಕಂಪನಿಗೆ ಅವು ಬರುವುದಿಲ್ಲ. ಆ ಕಂಪನಿಗೆ ದಾನ ಕೊಟ್ಟವರಿಗೆ ವಿನಾಯಿತಿ ಇಲ್ಲ, ನೀವು ಈಗ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಪಡೆಯುವ ರೀತಿಯಲ್ಲಿ ಅದು ಪಡೆಯಲಾಗದು. ಎರಡನ್ನೂ ನಡೆಸುತ್ತೇವೆ ಎಂದರೆ ಎರಡು ಲೆಕ್ಕ, ಎರಡು ಆಡಿಟ್. ಟ್ರಸ್ಟಿಯೇ ಕಂಪನಿಯ ನಿರ್ದೇಶಕರೂ ಆದರೆ ಆದಾಯ ತೆರಿಗೆ ಇಲಾಖೆ ಕೇಳುವ ಪ್ರಶ್ನೆಗಳು ಬೇರೆ. ಇಷ್ಟೆಲ್ಲ ಮೈಮೇಲೆ ಎಳೆದುಕೊಂಡು ಪಡೆಯುವ ಜಿಪಿಯು ನಿಮಗೆ ಉಪಯೋಗಕ್ಕೇ ಬರುವುದಿಲ್ಲ.

ಜಿಪಿಯು ಬೇಕಾಗುವುದು ಎಐ ಮಾದರಿಯನ್ನು (ಮಾಡೆಲ್) ತಯಾರಿಸುವವರಿಗೆ, ಇಲ್ಲವೇ ತಮ್ಮದೇ ಮಾದರಿಯನ್ನು ಸಾವಿರಾರು ಜನರಿಗಾಗಿ ಓಡಿಸುವವರಿಗೆ. ನಿಮ್ಮ ಹುಡುಗರು ಬಳಸುತ್ತಿರುವುದು ಬೇರೆಯವರು ಆಗಲೇ ತಯಾರಿಸಿಟ್ಟ ಮಾದರಿಯನ್ನು. ಗಂಟೆಗೆ ಸರಾಸರಿ 65 ರೂಪಾಯಿಗೆ ಜಿಪಿಯು ಎಂಬ ಸರ್ಕಾರದ ಮಾತು ಕೇಳಲು ಚೆನ್ನಾಗಿದೆ, ಸಂಶೋಧಕರಿಗೆ ಅದು ನಿಜಕ್ಕೂ ದೊಡ್ಡ ಅನುಕೂಲ. ನಿಮಗೆ ಅದನ್ನು ಪುಕ್ಕಟೆ ಕೊಟ್ಟರೂ ನಾಳೆ ಬೆಳಗ್ಗೆ ಅದರ ಮುಂದೆ ಕೂರಿಸಲು ನಿಮ್ಮಲ್ಲಿ ಒಬ್ಬರೂ ಇಲ್ಲ.

ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ‘ಹೌದು, ಕೇಳಬೇಕು’. ಏಕೆಂದು ಹೇಳಲು ಮೊದಲು ಹಣ ಎಲ್ಲಿ ಹೋಗುತ್ತಿದೆ ನೋಡೋಣ.

ಇಂಡಿಯಾ ಎಐ ಮಿಷನ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2024ರ ಮಾರ್ಚ್ 7ರಂದು. ಐದು ವರ್ಷಕ್ಕೆ 10,371.92 ಕೋಟಿ ರೂಪಾಯಿ, ಏಳು ವಿಭಾಗ. ಸಿಂಹಪಾಲು, ಅಂದರೆ 4,563.36 ಕೋಟಿ, ಜಿಪಿಯುಗಳ ಕಂಪ್ಯೂಟಿಂಗ್ ಸಾಮರ್ಥ್ಯಕ್ಕೆ. ನಮ್ಮದೇ ಮಾದರಿಗಳನ್ನು ಕಟ್ಟುವ ನಾವೀನ್ಯ ಕೇಂದ್ರಕ್ಕೆ 1,971.37 ಕೋಟಿ, ಸ್ಟಾರ್ಟಪ್‌ಗಳ ಬಂಡವಾಳಕ್ಕೆ 1,942.50 ಕೋಟಿ. ಕೌಶಲ ತರಬೇತಿಗೆ 882.94 ಕೋಟಿ, ಬಳಕೆಯ ಅಪ್ಲಿಕೇಷನ್‌ಗಳಿಗೆ 689.05 ಕೋಟಿ, ದತ್ತಾಂಶ ವೇದಿಕೆಗೆ 199.55 ಕೋಟಿ. ಕೊನೆಗೆ ‘ಸುರಕ್ಷಿತ ಮತ್ತು ವಿಶ್ವಾಸಾರ್ಹ ಎಐ’ ಎಂಬ ವಿಭಾಗಕ್ಕೆ 20.46 ಕೋಟಿ. ಯಂತ್ರ ತಪ್ಪು ಮಾಡಿದರೆ ಯಾರಿಗೆ ಏನಾಗುತ್ತದೆ ಎಂದು ನೋಡಬೇಕಾದ ವಿಭಾಗ ಇದೇ. ಒಟ್ಟು ಮೊತ್ತದಲ್ಲಿ ನೂರು ರೂಪಾಯಿಗೆ ಇಪ್ಪತ್ತು ಪೈಸೆ.

ಕಂಪ್ಯೂಟಿಂಗ್ ಪೋರ್ಟಲ್ ಯಾರಿಗೆ ಎಂದು ಕೇಳಿದರೆ ಸಿಗುವ ಪಟ್ಟಿಯಲ್ಲಿ ಮುಖ್ಯವಾಗಿ ಇರುವವರು ಇವರು: ಸ್ಟಾರ್ಟಪ್, ಶಿಕ್ಷಣ ಸಂಸ್ಥೆ, ಸಂಶೋಧಕರು, ವಿದ್ಯಾರ್ಥಿಗಳು, ಸರ್ಕಾರಿ ಸಂಸ್ಥೆ. ಅರ್ಹರಿಗೆ ವೆಚ್ಚದಲ್ಲಿ ಶೇ 40ರವರೆಗೆ ಸಬ್ಸಿಡಿ. ಕೌಶಲದ ಹಣದ ಕಣ್ಣು ಮುಖ್ಯವಾಗಿ ಬಿ.ಟೆಕ್., ಎಂ.ಟೆಕ್., ಪಿಎಚ್.ಡಿ. ಮಾಡುವವರ ಮೇಲೆ. ಹೊಲದ ಬದುವಿನ ಮೇಲೆ ನಿಂತು ಅರ್ಜಿ ತುಂಬುವ ನಿಮ್ಮ ಕಾರ್ಯಕರ್ತೆ ಈ ಯಾವ ಗೂಡಿನಲ್ಲೂ ಕೂರುವುದಿಲ್ಲ.

ನ್ಯಾಯಕ್ಕೆ ಒಂದು ಮಾತು ಹೇಳಬೇಕು. 2024ರ ಆಗಸ್ಟ್‌ನಲ್ಲಿ ಮಿಷನ್ ಕರೆದ ನಾವೀನ್ಯ ಸವಾಲು ಎಂಬ ಸ್ಪರ್ಧೆಯಲ್ಲಿ ಅರ್ಜಿ ಹಾಕಬಲ್ಲವರ ಸಾಲಿನಲ್ಲಿ ಲಾಭರಹಿತ ಸಂಸ್ಥೆಗಳನ್ನೂ ಹೆಸರಿಸಿದ್ದರು. ಆರೋಗ್ಯ, ಆಡಳಿತ, ಕೃಷಿಯ ಜೊತೆಗೆ ಕಲಿಕೆಯ ತೊಂದರೆ ಇರುವವರಿಗೆ ನೆರವಾಗುವ ತಂತ್ರಜ್ಞಾನವೂ ಅದರ ವಿಷಯಗಳಲ್ಲಿ ಒಂದಾಗಿತ್ತು. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿದೆ ಎನ್ನುವಂತಿಲ್ಲ. ತೆರೆದಿರುವುದು ‘ನಾನೊಂದು ಎಐ ಪರಿಹಾರ ಕಟ್ಟಿದ್ದೇನೆ’ ಎಂದು ಬರುವವರಿಗೆ. ‘ನೀವು ಕಟ್ಟಿದ್ದು ನಮ್ಮ ಜನರ ಮೇಲೆ ಹೇಗೆ ನಡೆಯುತ್ತಿದೆ ಎಂದು ನಾವು ಹೇಳುತ್ತೇವೆ’ ಎಂದು ಬರುವವರಿಗೆ ಅಲ್ಲಿ ಅರ್ಜಿ ನಮೂನೆಯೇ ಇಲ್ಲ. ನನ್ನ ತಕರಾರು ಇಷ್ಟೇ.

ಬ್ರಿಟನ್ನಿನ ಕಥೆಯೂ ಹೆಚ್ಚುಕಡಿಮೆ ಇದೇ. 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಐವತ್ತು ಶಿಫಾರಸುಗಳ ಎಐ ಕ್ರಿಯಾ ಯೋಜನೆ ತಂದಿತು. ಅದರ ಮಾತೆಲ್ಲ ಡೇಟಾ ಸೆಂಟರ್, ಆರ್ಥಿಕ ಬೆಳವಣಿಗೆ, ಸರ್ಕಾರಿ ಸೇವೆಗಳ ಸುತ್ತ. ಅದೇ ದೇಶದ ಚಾರಿಟಿಗಳ ಡಿಜಿಟಲ್ ಕೌಶಲ ಸಮೀಕ್ಷೆಯಲ್ಲಿ ಅದೇ ವರ್ಷ ಮುಕ್ಕಾಲು ಪಾಲು ಸಂಸ್ಥೆಗಳು ತಾವು ಎಐ ಬಳಸುತ್ತಿದ್ದೇವೆ ಎಂದವು. ಬಳಸುವವರು ಇಷ್ಟೊಂದು ಜನ, ನೀತಿಯ ಒತ್ತು ಅವರ ಮೇಲಿಲ್ಲ. ಹಾಗಾಗಿ ಕೇಳುತ್ತಿದ್ದಾರೆ. ಅವರ ವಾದವನ್ನು ನಾವು ಎರವಲು ತರಬೇಕಿಲ್ಲ, ನಮ್ಮ ವಾದ ಅದಕ್ಕಿಂತ ಗಟ್ಟಿ. ನಮ್ಮ ಭಾಷೆಗಳ ಎಐ ನಿಂತಿರುವುದೇ ಎಷ್ಟೋ ಮಟ್ಟಿಗೆ ದಾನದ ಹಣ ಮತ್ತು ಹಳ್ಳಿಯವರ ಮಾತಿನ ಮೇಲೆ.

ಕನ್ನಡವನ್ನೇ ತೆಗೆದುಕೊಳ್ಳಿ. ಸರ್ಕಾರದ ಭಾಷಿಣಿ 2022ರಲ್ಲಿ ಶುರುವಾಯಿತು. 22 ಭಾಷೆಗಳಲ್ಲಿ ಮಾತನ್ನು ಬರಹ ಮಾಡುವ, ಬರಹವನ್ನು ಮಾತು ಮಾಡುವ, ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸುವ ವೇದಿಕೆ ಅದು. ಅದಕ್ಕೆ ಮಾದರಿ ಮತ್ತು ದತ್ತಾಂಶ ಒದಗಿಸುವವರಲ್ಲಿ ಮುಂಚೂಣಿಯಲ್ಲಿರುವುದು ಮದ್ರಾಸ್ ಐಐಟಿಯ ಎಐ4ಭಾರತ್. ಅಲ್ಲಿನ ಕೇಂದ್ರಕ್ಕೆ 2022ರಲ್ಲಿ 36 ಕೋಟಿ ರೂಪಾಯಿ ಕೊಟ್ಟದ್ದು ನಿಲೇಕಣಿ ದಂಪತಿಯ ದತ್ತಿ. ಆ ಕೇಂದ್ರದ ಇಂಡಿಕ್‌ವಾಯ್ಸಸ್ ಎಂಬ ಧ್ವನಿ ಸಂಗ್ರಹಕ್ಕೆ ಮೊದಲ ಹಂತದಲ್ಲೇ 145 ಜಿಲ್ಲೆಗಳ ಹದಿನಾರು ಸಾವಿರಕ್ಕೂ ಹೆಚ್ಚು ಜನ ತಮ್ಮ ಮಾತು ಕೊಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಗೂಗಲ್ ನೆರವಿನಿಂದ ನಡೆಸುವ ವಾಣಿ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಕೂಡಿಸುತ್ತಿದೆ. ಬೆಂಗಳೂರಿನದೇ ಆದ ಕಾರ್ಯ ಎಂಬ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳ ಹೆಂಗಸರಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿಕೊಂಡು, ಆ ಕೆಲಸಕ್ಕೆ ಸ್ಥಳೀಯ ಕೂಲಿಗಿಂತ ಎಷ್ಟೋ ಪಟ್ಟು ಹೆಚ್ಚು ಹಣ ಕೊಟ್ಟಿತು. ಕ್ಷಯರೋಗದ ಬಗ್ಗೆ ಜನ ಕನ್ನಡದಲ್ಲೇ ಕೇಳಿ ತಿಳಿಯಲು ಬೇಕಾದ ಮಾತು ಅದರಲ್ಲಿತ್ತು.

ಇಷ್ಟಾದರೂ ನಿಮ್ಮ ಕಚೇರಿಗೆ ಬಂದ ಅಜ್ಜಿಯೊಬ್ಬರು ‘ಪಗಾರ ಮೂರ ತಿಂಗಳಾತು ಬಂದಿಲ್ರಿ, ಬ್ಯಾಂಕಿನ್ಯಾಗ ಕೇಳಿದ್ರ ಆಧಾರ ಕೂಡಿಲ್ಲ ಅಂತಾರ’ ಎಂದರೆ ಯಂತ್ರ ಅದನ್ನು ಸರಿಯಾಗಿ ಹಿಡಿಯುತ್ತದೆಯೇ? ‘ಪಗಾರ’ ಎಂದರೆ ಇಲ್ಲಿ ವೃದ್ಧಾಪ್ಯ ವೇತನ, ನೌಕರನ ಸಂಬಳವಲ್ಲ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಮೂರು ತಿಂಗಳು ಎನ್ನುವುದು ಆರು ತಿಂಗಳಾದರೆ, ಊರಿನ ಹೆಸರು ಪಕ್ಕದ ತಾಲ್ಲೂಕಿನ ಊರಾಗಿಬಿಟ್ಟರೆ, ಅರ್ಜಿ ತಪ್ಪು ಮೇಜಿಗೆ ಹೋಗುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ಯಾರೂ ಕಂಡುಹಿಡಿಯಲಾರರು. ಕಂಡುಹಿಡಿಯಬಲ್ಲವರು ನೀವು. ಆ ಕೆಲಸಕ್ಕೆ ಯಾವ ವಿಭಾಗದಲ್ಲಿ ಹಣ ಇಟ್ಟಿದ್ದಾರೆ ಎಂದು ಕೇಳುವ ಹಕ್ಕು ನಿಮಗಿದೆ.

ಇದು ಬರೀ ಭಾಷೆಯ ಮಾತಲ್ಲ. ಪಕ್ಕದ ತೆಲಂಗಾಣದಲ್ಲಿ ನಡೆದದ್ದನ್ನು ನೀವು ಕೇಳಿರಬಹುದು. ಸಮಗ್ರ ವೇದಿಕ ಎಂಬ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನು ಜೋಡಿಸಿ, ಈ ಹೆಸರಿನ ಈ ಮನುಷ್ಯನಿಗೆ ಕಾರಿದೆ, ಆಸ್ತಿ ಇದೆ ಎಂದು ಊಹಿಸಿ ಯಾರು ಅನರ್ಹರು ಎಂದು ಹೇಳುತ್ತಿತ್ತು. 2014ರ ನಂತರದ ಐದು ವರ್ಷಗಳಲ್ಲಿ ಆ ರಾಜ್ಯದಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ರೇಷನ್ ಕಾರ್ಡ್‌ಗಳು ರದ್ದಾದವು. ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ತಿಳಿದು ಬಡವರ ಕಾರ್ಡ್ ಕಿತ್ತುಕೊಂಡ ಪ್ರಸಂಗಗಳು ವರದಿಯಾದವು. ಅದನ್ನು ಮೊದಲು ಎತ್ತಿದವರು ಹಳ್ಳಿ ಹಳ್ಳಿ, ಗಲ್ಲಿ ಗಲ್ಲಿ ಸುತ್ತುವ ಕಾರ್ಯಕರ್ತರು. ಹೈದರಾಬಾದಿನ ಸಾಮಾಜಿಕ ಕಾರ್ಯಕರ್ತರೊಬ್ಬರು ಹೂಡಿದ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ರದ್ದಾದ ಕಾರ್ಡ್‌ಗಳನ್ನು ಸ್ಥಳಕ್ಕೇ ಹೋಗಿ ಮತ್ತೆ ಪರಿಶೀಲಿಸಿ ಎಂದು ಆದೇಶಿಸಬೇಕಾಯಿತು. ಯಂತ್ರದ ತಪ್ಪಿನ ಮೊದಲ ವರದಿ ಬರುವುದು ನಿಮ್ಮಂಥ ಕಚೇರಿಯ ಬೆಂಚಿನ ಮೇಲೆ ಕೂತವರಿಂದ. 2025ರ ನವೆಂಬರಿನಲ್ಲಿ ಹೊರಬಂದ ಭಾರತದ ಎಐ ಆಡಳಿತ ಮಾರ್ಗಸೂಚಿಗಳು, ಮದ್ರಾಸ್ ಐಐಟಿಯ ಪ್ರೊ. ಬಲರಾಮನ್ ರವೀಂದ್ರನ್ ಅಧ್ಯಕ್ಷತೆಯ ಸಮಿತಿ ಮಾಡಿದ್ದು, ಎಐನಿಂದ ಆಗುವ ಅನಾಹುತಗಳ ಒಂದು ರಾಷ್ಟ್ರೀಯ ದಾಖಲೆ ಬೇಕು ಎನ್ನುತ್ತವೆ. ಒಳ್ಳೆಯ ಮಾತು. ಆ ದಾಖಲೆಗೆ ಮಾಹಿತಿ ತುಂಬುವವರು ಯಾರು? ಕಂಪನಿಗಳು ತಮ್ಮ ತಪ್ಪನ್ನು ತಾವೇ ಬರೆದು ಕಳಿಸುತ್ತವೆಯೆಂದು ನಾನಂತೂ ನಂಬುವುದಿಲ್ಲ.

ಎಐ ಸೇವಾ ಸಂಸ್ಥೆಯ ಕೈಗೆ ಸರಿಯಾಗಿ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಇಲ್ಲದಿದ್ದರೆ ನಾನು ಬರೀ ಹೆದರಿಸುತ್ತಿದ್ದೇನೆ ಎಂದುಕೊಳ್ಳುತ್ತೀರಿ. ಮುಂಬೈಯ ಅರ್ಮಾನ್ ಎಂಬ ಸಂಸ್ಥೆ ಎಂಮಿತ್ರ ಹೆಸರಿನಲ್ಲಿ ಬಸುರಿಯರಿಗೆ, ಬಾಣಂತಿಯರಿಗೆ ವಾರ ವಾರ ಫೋನಿನಲ್ಲಿ ಆರೋಗ್ಯದ ಮಾತು ಕೇಳಿಸುತ್ತದೆ. ಶುರುವಿನಲ್ಲಿ ಎಲ್ಲರೂ ಕೇಳುತ್ತಾರೆ, ತಿಂಗಳುಗಳು ಕಳೆದಂತೆ ಫೋನ್ ಎತ್ತುವುದು ಬಿಡುತ್ತಾರೆ. ಬಿಟ್ಟವರನ್ನು ಮತ್ತೆ ಕರೆತರಲು ಒಬ್ಬ ಕಾರ್ಯಕರ್ತೆ ಖುದ್ದಾಗಿ ಕರೆ ಮಾಡಬೇಕು. ಅಂಥ ಕರೆ ವಾರಕ್ಕೆ ಇಷ್ಟೇ ಮಾಡಲು ಸಾಧ್ಯ. ಸಾವಿರಾರು ಜನರಲ್ಲಿ ಈ ವಾರ ಯಾರಿಗೆ ಮಾಡಬೇಕು? ಗೂಗಲ್‌ನ ಭಾರತದ ಸಂಶೋಧಕರು ಅದಕ್ಕೊಂದು ಮಾದರಿ ಮಾಡಿಕೊಟ್ಟರು. ಅದರ ಕೆಲಸ ಒಂದೇ, ವಾರಕ್ಕೊಂದು ಪಟ್ಟಿ. ಸುಮಾರು 23 ಸಾವಿರ ಮಹಿಳೆಯರ ಮೇಲೆ ಪರೀಕ್ಷಿಸಿದಾಗ, ಕೇಳುವುದನ್ನು ಬಿಡುವ ಪ್ರಮಾಣ ಸುಮಾರು ಶೇ 30ರಷ್ಟು ತಗ್ಗಿತು.

ಇಲ್ಲಿ ಗಮನಿಸಬೇಕಾದ್ದು ಎರಡು. ಯಂತ್ರ ಯಾರ ಜೊತೆಗೂ ಮಾತಾಡಲಿಲ್ಲ, ಯಾರಿಗೂ ಏನನ್ನೂ ನಿರಾಕರಿಸಲಿಲ್ಲ, ಫೋನ್ ಮಾಡಿದ್ದು ಮನುಷ್ಯರೇ. ಮತ್ತೆ, ಆ ಸಂಸ್ಥೆಯ ಹತ್ತಿರ ಯಾರು ಯಾವ ವಾರ ಎಷ್ಟು ಹೊತ್ತು ಕೇಳಿದರು ಎಂಬ ವರ್ಷಗಳ ಅಚ್ಚುಕಟ್ಟಾದ ದಾಖಲೆ ಇತ್ತು. ನೀತಿ ಬರೆಯುವವರು ಈ ಕಥೆಯಿಂದ ತೆಗೆದುಕೊಳ್ಳುವುದು ಮಾದರಿಯನ್ನು ಮಾತ್ರ. ಕರೆ ಮಾಡುವ ಹೆಂಗಸಿನ ಸಂಬಳ, ದಾಖಲೆ ಇಡುವವನ ಸಂಬಳ ಯಾವ ಎಐ ಬಜೆಟ್ಟಿನಲ್ಲೂ ಬರುವುದಿಲ್ಲ. ಅವೆರಡೂ ಇಲ್ಲದಿದ್ದರೆ ಆ ಪಟ್ಟಿ ಬರೀ ಕಾಗದ.

ನೆರವು ಎಂದರೆ ಅನುದಾನ ಮಾತ್ರ ಎಂದುಕೊಳ್ಳಬೇಡಿ. ಕಾನೂನಿನಲ್ಲಿ ಸಿಗುವ ರಿಯಾಯಿತಿಯೂ ನೆರವೇ, ಮತ್ತು ಅಲ್ಲಿ ನಿಮಗೆ ಆಗಿರುವ ಅನ್ಯಾಯ ಹೆಚ್ಚು ಸ್ಪಷ್ಟ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಂನ 3ನೇ ಉಪಕಲಂ ತೆಗೆದು ನೋಡಿ. ದತ್ತಾಂಶದ ಪ್ರಮಾಣ ಮತ್ತು ಸ್ವರೂಪ ನೋಡಿ ಕೆಲವು ವರ್ಗದವರಿಗೆ ಕೆಲವು ಹೊಣೆಗಳಿಂದ ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದು, ‘ಸ್ಟಾರ್ಟಪ್‌ಗಳೂ ಸೇರಿದಂತೆ’ ಎಂದಿದೆ. ಸ್ಟಾರ್ಟಪ್ ಎಂದರೆ ಖಾಸಗಿ ಕಂಪನಿ, ಪಾಲುದಾರಿಕೆ ಸಂಸ್ಥೆ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಎಂಬ ವಿವರಣೆಯೂ ಅಲ್ಲೇ ಇದೆ. ಟ್ರಸ್ಟು, ಸೊಸೈಟಿಗಳ ಹೆಸರಿಲ್ಲ. ಕೊಡಬಾರದು ಎಂದೇನೂ ಇಲ್ಲ, ವರ್ಗ ಯಾವುದೂ ಆಗಬಹುದು. ಆದರೆ ಕಾಯ್ದೆ ಬರೆದವರ ಕಣ್ಣಿಗೆ ಬಿದ್ದದ್ದು ಸ್ಟಾರ್ಟಪ್ ಮಾತ್ರ. ಇದರ ನಿಯಮಗಳು 2025ರ ನವೆಂಬರ್ ಮಧ್ಯದಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರುತ್ತವೆ. ದತ್ತಾಂಶ ಸೋರದಂತೆ ಭದ್ರತೆ ಇಡದಿದ್ದರೆ ದಂಡ 250 ಕೋಟಿಯವರೆಗೆ. ನಿಮ್ಮಂಥ ಸಂಸ್ಥೆಗೆ ಅಷ್ಟು ಹಾಕುತ್ತಾರೆಂದಲ್ಲ. ಆದರೆ ನಿಮ್ಮ ಕಪಾಟಿನಲ್ಲಿರುವ ಅಂಗವೈಕಲ್ಯದ ದಾಖಲೆ, ಆಧಾರ್ ಪ್ರತಿ, ಹದಿನೆಂಟು ದಾಟದ ಮಕ್ಕಳ ವಿವರ, ಇವೆಲ್ಲ ಒಂದು ಚಿಕ್ಕ ಸ್ಟಾರ್ಟಪ್‌ ಬಳಿ ಇರುವುದಕ್ಕಿಂತ ಎಷ್ಟೋ ಸೂಕ್ಷ್ಮ.

ಇಲ್ಲಿ ನನ್ನ ಅಭಿಪ್ರಾಯ ಅನೇಕ ಸೇವಾ ಸಂಸ್ಥೆಗಳಿಗೆ ಹಿಡಿಸುವುದಿಲ್ಲ: ವಿನಾಯಿತಿ ಕೇಳಬೇಡಿ. ನಿಮ್ಮ ಜನ ದುರ್ಬಲರು, ಅವರ ಮಾಹಿತಿಗೆ ಕಡಿಮೆ ರಕ್ಷಣೆ ಸಾಕು ಎಂದು ನೀವೇ ವಾದಿಸಿದಂತಾಗುತ್ತದೆ. ಕೇಳಬೇಕಾದ್ದು ಕಾನೂನು ಪಾಲಿಸಲು ಬೇಕಾದ ಸಹಾಯ: ಕನ್ನಡದಲ್ಲಿ ಒಪ್ಪಿಗೆ ಪತ್ರದ ಮಾದರಿ, ದಾಖಲೆ ಇಡಲು ಸುರಕ್ಷಿತ ಜಾಗ, ವರ್ಷಕ್ಕೊಮ್ಮೆ ಬಂದು ನೋಡಿಹೋಗುವ ಒಬ್ಬ ತಂತ್ರಜ್ಞ.

ಹಣದ ಹಾದಿಯಲ್ಲೂ ಇಂಥ ಕಲ್ಲುಗಳಿವೆ, ಬೇಗ ಹೇಳಿ ಮುಗಿಸುತ್ತೇನೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ನಂತರ ಆ ದೇಣಿಗೆಯಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ, ಮೊದಲು ಶೇ 50 ಇತ್ತು. ಆ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದೂ ನಿಷಿದ್ಧ. ಹೀಗಾಗಿ ನಗರದ ದೊಡ್ಡ ಸಂಸ್ಥೆಯೊಂದು ವಿದೇಶಿ ಹಣದಲ್ಲಿ ಹತ್ತು ಚಿಕ್ಕ ಸಂಸ್ಥೆಗಳಿಗೆ ತಂತ್ರಜ್ಞಾನದ ಅನುದಾನ ಹಂಚುವ ದಾರಿ ಮುಚ್ಚಿಹೋಗಿದೆ. ಕ್ಲೌಡ್, ಸಾಫ್ಟ್‌ವೇರ್ ಚಂದಾ ಎಲ್ಲದಕ್ಕೂ ಶೇ 18 ಜಿಎಸ್‌ಟಿ. ಕಂಪನಿ ಅದನ್ನು ತನ್ನ ಲೆಕ್ಕದಲ್ಲಿ ಹೊಂದಿಸಿಕೊಳ್ಳುತ್ತದೆ, ಉಚಿತ ಸೇವೆ ಕೊಡುವ ನಿಮಗೆ ಹೊಂದಿಸಿಕೊಳ್ಳಲು ಏನೂ ಇಲ್ಲ, ಪೂರ್ತಿ ಕೈಯಿಂದಲೇ ಹೋಗುತ್ತದೆ. ಸಿಎಸ್‌ಆರ್‌ನವರು ಆ್ಯಪ್ ಕಟ್ಟಲು ಖುಷಿಯಿಂದ ಕೊಡುತ್ತಾರೆ, ಉದ್ಘಾಟನೆಯ ಫೋಟೊ ಚೆನ್ನಾಗಿ ಬರುತ್ತದೆ. ಮೂರನೇ ವರ್ಷ ಅದರ ಸರ್ವರ್ ಬಾಡಿಗೆ ಕಟ್ಟುವವರು ಯಾರು ಎಂದರೆ ಸಭೆ ಮೌನ.

ಹಾಗಾದರೆ ಏನು ಕೇಳಬೇಕು? ಎಲ್ಲಕ್ಕಿಂತ ಮೊದಲು ಅರ್ಹರ ಪಟ್ಟಿಯಲ್ಲಿ ಒಂದು ಸಾಲು. ಮಿಷನ್ನಿನ ಯಾವ ಕರೆಯೇ ಆಗಲಿ, ‘ನೋಂದಾಯಿತ ಲಾಭರಹಿತ ಸಂಸ್ಥೆಗಳು’ ಎಂಬ ವರ್ಗ ಪ್ರತ್ಯೇಕವಾಗಿ ಇರಲಿ. ಯಾರನ್ನು ಸೇವಾ ಸಂಸ್ಥೆ ಎನ್ನುವುದು, ನಕಲಿಗಳು ನುಗ್ಗುವುದಿಲ್ಲವೇ ಎಂದು ಅಧಿಕಾರಿಗಳು ಕೇಳುತ್ತಾರೆ, ಕೇಳಲೂ ಬೇಕು. ಉತ್ತರ ಸರ್ಕಾರದ ಕೈಯಲ್ಲೇ ಇದೆ. ನೀತಿ ಆಯೋಗದ ದರ್ಪಣ್ ಪೋರ್ಟಲ್ ನೋಂದಾಯಿಸಿಕೊಂಡ ಪ್ರತಿ ಸೇವಾ ಸಂಸ್ಥೆಗೂ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಸಿಎಸ್‌ಆರ್‌ಗೆ ಬೇರೆ ನೋಂದಣಿ ಇದೆ. ಸೇವಾ ಸಂಸ್ಥೆಗಳು ಹಣ ಎತ್ತುವ ಸಾಮಾಜಿಕ ಷೇರು ವಿನಿಮಯ ಕೇಂದ್ರಕ್ಕಾಗಿ ಷೇರುಪೇಟೆಯ ನಿಯಂತ್ರಕ ಸೆಬಿ 2022ರಲ್ಲೇ ಲಾಭರಹಿತ ಸಂಸ್ಥೆ ಎಂದರೇನು ಎಂದು ನಿಯಮ ಬರೆದಾಗಿದೆ, 2023ರ ಡಿಸೆಂಬರಿನಲ್ಲಿ ಅದರಡಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಷನ್. ವ್ಯಾಖ್ಯಾನ ಸಿಗುತ್ತಿಲ್ಲ ಎಂಬ ನೆಪಕ್ಕೆ ಜಾಗವಿಲ್ಲ.

ಎರಡನೆಯದು ನನ್ನ ಲೆಕ್ಕದಲ್ಲಿ ಅತಿ ಮುಖ್ಯ, ಮತ್ತು ಯಾರೂ ಕೇಳದೆ ಇರುವುದು: ಪರೀಕ್ಷಿಸುವ ಕೆಲಸಕ್ಕೆ ಸಂಬಳ. ಸುರಕ್ಷಿತ ಎಐ ವಿಭಾಗದಲ್ಲಿ 2024ರಲ್ಲಿ ಆಯ್ಕೆಯಾದ ಮೊದಲ ಎಂಟು ಯೋಜನೆಗಳನ್ನು ನೋಡಿ. ಹೆಚ್ಚಿನವು ಐಐಟಿ, ಐಐಐಟಿ, ಎನ್‌ಐಟಿಗಳ ಪಾಲಾದವು. ನಮ್ಮ ಧಾರವಾಡ ಐಐಟಿಯೂ ಒಂದರಲ್ಲಿದೆ, ಸಂತೋಷ. ಅಲ್ಗಾರಿದಮ್‌ಗಳ ಆಡಿಟ್ ಸಾಧನ ಮಾಡುವ ಒಂದು ಯೋಜನೆ ನಾಗರಿಕ ದತ್ತಾಂಶದ ಮೇಲೆ ಕೆಲಸ ಮಾಡುವ ಸಿವಿಕ್ ಡೇಟಾ ಲ್ಯಾಬ್ಸ್‌ಗೆ ಸಿಕ್ಕಿತು. ವಿಶ್ವವಿದ್ಯಾಲಯದ ಹೊರಗಿನವರಿಗೂ ಈ ಕೆಲಸ ಕೊಡಬಹುದು ಎಂಬುದಕ್ಕೆ ಅದು ಸಾಕ್ಷಿ. ಇದನ್ನು ವಿಸ್ತರಿಸಿ ಎಂದು ಕೇಳಿ. ಕನ್ನಡದಲ್ಲಿ ಸರ್ಕಾರಿ ಸೇವೆ ಕೊಡುವ ಯಾವುದೇ ಚಾಟ್‌ಬಾಟ್ ಜನರ ಮುಂದೆ ಬರುವ ಮೊದಲು ರಾಯಚೂರಿನಲ್ಲಿ, ಚಾಮರಾಜನಗರದಲ್ಲಿ, ಕಾರವಾರದಲ್ಲಿ ಮೂರು ಸೇವಾ ಸಂಸ್ಥೆಗಳು ಅದನ್ನು ತಮ್ಮ ಜನರ ಬಾಯಲ್ಲಿ ಆಡಿಸಿ ನೋಡಲಿ, ತಪ್ಪುಗಳ ಪಟ್ಟಿ ಕೊಡಲಿ, ಆ ದಿನಗಳ ಕೂಲಿ ಸಂಸ್ಥೆಗೂ ಜನರಿಗೂ ಸಂದಾಯವಾಗಲಿ. ರಾಯಚೂರು, ಯಾದಗಿರಿ ಎರಡೂ 2018ರಿಂದ ಕೇಂದ್ರದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ, ಅಂದರೆ ಹಿಂದುಳಿದ ಜಿಲ್ಲೆಗಳ, ಪಟ್ಟಿಯಲ್ಲಿವೆ. ಇಂಥ ಪ್ರಯೋಗ ಅಲ್ಲಿಂದ ಶುರುವಾಗಲಿ ಎನ್ನುವುದು ಅತಿಯಾಸೆಯಲ್ಲ.

ಮೂರನೆಯದು ಮನುಷ್ಯರು. ಮಿಷನ್ ದೇಶದಾದ್ಯಂತ 570 ಡೇಟಾ ಲ್ಯಾಬ್ ತೆರೆಯುವ ಗುರಿ ಇಟ್ಟುಕೊಂಡಿದೆ. ಐಟಿಐ, ಪಾಲಿಟೆಕ್ನಿಕ್‌ಗಳಲ್ಲೂ ಅವು ಬರುತ್ತಿವೆ. ಅಲ್ಲಿ ಕಲಿಯುವ ಹುಡುಗ ಹುಡುಗಿಯರು ಆರು ತಿಂಗಳು ಜಿಲ್ಲೆಯ ಸೇವಾ ಸಂಸ್ಥೆಗಳಲ್ಲಿ ಸ್ಟೈಪೆಂಡ್ ಮೇಲೆ ಕೆಲಸ ಮಾಡಲಿ ಎಂದು ಒಂದು ಸಾಲು ಸೇರಿಸಿದರೆ ಜಿಪಿಯು ಸಬ್ಸಿಡಿಗಿಂತ ಹೆಚ್ಚು ಉಪಕಾರವಾಗುತ್ತದೆ. ನಿಮ್ಮ ಹದಿನಾಲ್ಕು ಜನಕ್ಕೆ ಪೂರ್ಣಾವಧಿ ಎಂಜಿನಿಯರ್ ಬೇಡ. ನಾಲ್ಕೈದು ತಾಲ್ಲೂಕಿನ ಸಂಸ್ಥೆಗಳಿಗೆಲ್ಲ ಸೇರಿ ಒಬ್ಬರಿದ್ದರೆ ಸಾಕು.

‘ಬಡವರಿಗಾಗಿ ಎಐ’ ಎಂಬ ಹೆಸರಲ್ಲಿ ಹಣ ಬರುತ್ತದೆಂದು ಗೊತ್ತಾದ ದಿನ ನಮ್ಮಲ್ಲೂ ಕೆಲವರು ರಾತ್ರೋರಾತ್ರಿ ಎಐ ಸಂಸ್ಥೆಗಳಾಗುತ್ತಾರೆ. ಎಲ್ಲರಿಗೂ ಹಂಚಿ ಎಂದು ನಾನು ಹೇಳುವುದಿಲ್ಲ. ಮೂರು ವರ್ಷದ ಆಡಿಟ್, ನಡೆಸಿಕೊಂಡು ಬಂದ ಕ್ಷೇತ್ರ ಕೆಲಸ, ಸೇವೆ ಪಡೆಯುವವರ ದೂರು ಕೇಳಲು ಒಂದು ವ್ಯವಸ್ಥೆ, ಇಷ್ಟಾದರೂ ಇರಬೇಕು. ಎಐ ಹೆಸರಿನ ಯೋಜನೆ ಬಂದು ನಿಮ್ಮ ಅರ್ಜಿ ಬರೆಯುವ ಕೆಲಸ ಹಿಂದೆ ಸರಿಯುತ್ತಿದೆ ಎನಿಸಿದರೆ ಆ ಹಣವನ್ನು ಬೇಡ ಎನ್ನುವ ಧೈರ್ಯವೂ ಇರಬೇಕು.

ದಿಲ್ಲಿ ಒಪ್ಪುವವರೆಗೆ ನೀವು ಕಾಯಬೇಕಿಲ್ಲ. ಶಿಕ್ಷಣ ಸಂಸ್ಥೆಗಳು ಅರ್ಹರ ಪಟ್ಟಿಯಲ್ಲಿವೆ, ನಿಮ್ಮ ಜಿಲ್ಲೆಯಲ್ಲೇ 2019ರಲ್ಲಿ ಆರಂಭವಾದ ರಾಯಚೂರು ಐಐಐಟಿ ಇದೆ. ಅಲ್ಲಿನ ಅಧ್ಯಾಪಕರೊಬ್ಬರನ್ನು ಕಂಡು, ನಿಮ್ಮಲ್ಲಿಗೆ ಬರುವವರ ಮಾತಿನ ನೂರು ತುಣುಕುಗಳನ್ನು ಒಪ್ಪಿಗೆ ಪಡೆದು, ಹೆಸರು, ನಂಬರು ತೆಗೆದು ಕೊಡುತ್ತೇವೆ, ಭಾಷಿಣಿಯೂ ಸೇರಿದಂತೆ ಈಗಿರುವ ಸಾಧನಗಳು ಅದರಲ್ಲಿ ಎಷ್ಟನ್ನು ಸರಿಯಾಗಿ ಹಿಡಿಯುತ್ತವೆ ನೋಡೋಣ ಎನ್ನಿ. ವ್ಯಾಕರಣದ ತಪ್ಪು ಎಣಿಸಬೇಡಿ. ಊರು, ಯೋಜನೆಯ ಹೆಸರು, ತಿಂಗಳು, ಮೊತ್ತ ಈ ನಾಲ್ಕರಲ್ಲಿ ಎಷ್ಟು ತಪ್ಪಿದೆ ಎಂದು ಮಾತ್ರ ಬರೆದಿಡಿ. ಅರ್ಜಿ ತಿರಸ್ಕೃತವಾಗುವುದು ಆ ನಾಲ್ಕರಿಂದಲೇ. ಒಡಂಬಡಿಕೆಯಲ್ಲಿ ಎರಡು ಷರತ್ತು ಹಾಕಿಸಿ: ಸಂಗ್ರಹದ ಒಂದು ಪ್ರತಿ ನಿಮ್ಮ ಬಳಿ ಉಳಿಯಬೇಕು, ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಕಂಪನಿಗೆ ಕೊಡುವಂತಿಲ್ಲ. ದಾನವಾಗಿ ಕೊಟ್ಟ ಮಾತು ಯಾರದೋ ಸರಕಾಗಿ ನಿಮಗೇ ಚಂದಾ ಕಟ್ಟಿಸಿಕೊಳ್ಳಲು ವಾಪಸ್ ಬರಬಾರದು.

ನಿಮ್ಮ ಕಚೇರಿಯೊಳಗೆ ಇವತ್ತೇ ಮಾಡಬಹುದಾದ್ದು, ಹುಡುಗರಿಗೆ ಒಂದು ಪುಟದ ನಿಯಮ ಬರೆದುಕೊಡುವುದು. ಆಧಾರ್ ಸಂಖ್ಯೆ, ಫೋನ್ ನಂಬರು, ಕಾಯಿಲೆಯ ವಿವರ ಉಚಿತ ಚಾಟ್‌ಬಾಟ್‌ನಲ್ಲಿ ಹಾಕುವಂತಿಲ್ಲ. ಯಂತ್ರ ಬರೆದ ಅರ್ಜಿಯನ್ನು ಅರ್ಜಿದಾರರಿಗೆ ಅವರ ಮಾತಿನಲ್ಲಿ ಓದಿ ಹೇಳದೆ ಕಳಿಸುವಂತಿಲ್ಲ. ಯಾರಿಗೆ ನೆರವು ಕೊಡಬೇಕು, ಯಾರಿಗೆ ಬೇಡ ಎಂದು ಯಂತ್ರವನ್ನು ಕೇಳಲೇಕೂಡದು. ಈ ಪುಟ ನಾಳೆ ಅನುದಾನದ ಅರ್ಜಿಗೂ ಬೇಕಾಗುತ್ತದೆ, 2027ರ ಕಾನೂನಿಗೂ ಬೇಕಾಗುತ್ತದೆ.

ಕೊನೆಗೆ ಪತ್ರದ ಮಾತು. 2026ರ ಫೆಬ್ರುವರಿಯ ದಿಲ್ಲಿಯ ಎಐ ಇಂಪ್ಯಾಕ್ಟ್ ಶೃಂಗಸಭೆಗೆಂದು ಸರ್ಕಾರ ಏಳು ‘ಚಕ್ರ’ಗಳನ್ನು, ಅಂದರೆ ಚರ್ಚೆಯ ವಿಷಯಗಳನ್ನು, ಗೊತ್ತುಮಾಡಿತು, ಸಾಮಾಜಿಕ ಸಬಲೀಕರಣಕ್ಕಾಗಿ ಎಲ್ಲರನ್ನೂ ಒಳಗೊಳ್ಳುವುದು ಅದರಲ್ಲೊಂದು, ಎಐ ಸಂಪನ್ಮೂಲಗಳನ್ನು ಎಲ್ಲರಿಗೂ ತಲುಪಿಸುವುದು ಇನ್ನೊಂದು. ನೀತಿ ಆಯೋಗದ 2018ರ ದಾಖಲೆಯ ಘೋಷಣೆ ‘ಎಲ್ಲರಿಗಾಗಿ ಎಐ’. ಎರಡನ್ನೂ ಮೊದಲ ಪ್ಯಾರಾದಲ್ಲೇ ಉಲ್ಲೇಖಿಸಿ, ಅವರ ಮಾತನ್ನೇ ಅವರ ಮುಂದಿಡಿ. ಆಮೇಲೆ ಮೇಲಿನ ಮೂರು ಬೇಡಿಕೆ, ಜೊತೆಗೆ ನಿಮ್ಮ ನೂರು ಮಾತಿನ ತುಣುಕುಗಳ ಫಲಿತಾಂಶದ ಒಂದು ಕೋಷ್ಟಕ. ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಒಂದು ಪ್ರತಿ, ನಿಮ್ಮ ಸಂಸದರಿಗೆ ಒಂದು, ಜಿಲ್ಲಾಧಿಕಾರಿಗೆ ಒಂದು. ಒಬ್ಬರೇ ಬರೆಯಬೇಡಿ, ಕಲ್ಯಾಣ ಕರ್ನಾಟಕದ ಇನ್ನೂ ಹತ್ತು ಸಂಸ್ಥೆಗಳ ಸಹಿ ಹಾಕಿಸಿ. ಪತ್ರ ಕನ್ನಡದಲ್ಲೇ ಇರಲಿ, ಇಂಗ್ಲಿಷ್ ಪ್ರತಿ ಲಗತ್ತಿಸಿ. ಅನುವಾದವನ್ನು ಭಾಷಿಣಿಯಿಂದಲೇ ಮಾಡಿಸಿ, ತಪ್ಪಿದ ಕಡೆ ಕೆಂಪು ಶಾಯಿಯಲ್ಲಿ ತಿದ್ದಿ ಹಾಗೆಯೇ ಕಳಿಸಿ.